ಆಟಗಾರನೊಬ್ಬ ಬೆಳೆಯುವ ಮೆಟ್ಟಿಲುಗಳು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು 2005ರಲ್ಲಿ ಇಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನು. ಆಮೇಲೆ ಪಿಯುಸಿ, ಬೆಂಗಳೂರಿನಲ್ಲಿ ಬಿ.ಇ., ಈಗ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ. ಸಮಿತಿಯವರು ಫೋನ್ ಮಾಡಿ, ಕಂಪ್ಯೂಟರ್ ಬಗ್ಗೆ, ಕೃತಕ ಬುದ್ಧಿಮತ್ತೆಯ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಿ ಎಂದು ಕೇಳಿದ್ದರು. ಅವರ ಅನುಮತಿ ಪಡೆದು ವಿಷಯ ಬದಲಾಯಿಸಿಕೊಂಡಿದ್ದೇನೆ. ಇವತ್ತು ಆಟದ ಬಗ್ಗೆ ಮಾತಾಡುತ್ತೇನೆ. ಒಬ್ಬ ಹುಡುಗ ಅಥವಾ ಹುಡುಗಿ ಶಾಲೆಯ ಮೈದಾನದಿಂದ ಹೊರಟು ದೊಡ್ಡ ಆಟಗಾರನಾಗುವುದು ಹೇಗೆ, ದಾರಿಯಲ್ಲಿ ಎಷ್ಟು ಮೆಟ್ಟಿಲುಗಳಿವೆ, ಆ ಮೆಟ್ಟಿಲುಗಳನ್ನು ಕಟ್ಟುವವರು ಯಾರು ಎಂಬುದು ನನ್ನ ವಿಷಯ.

ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಈ ಐವತ್ತು ವರ್ಷಗಳಲ್ಲಿ ನಮ್ಮ ಶಾಲೆಯಿಂದ ಶಿಕ್ಷಕರು, ಪೊಲೀಸರು, ನರ್ಸ್‌ಗಳು, ಎಂಜಿನಿಯರ್‌ಗಳು, ಒಳ್ಳೆಯ ರೈತರು ಹೊರಬಂದಿದ್ದಾರೆ. ಸ್ಮರಣ ಸಂಚಿಕೆಗೆ ಹೆಸರುಗಳ ಪಟ್ಟಿ ಮಾಡಿದಾಗ ರಾಜ್ಯ ತಂಡದ ಅಂಗಿ ತೊಟ್ಟವರು ಒಬ್ಬರೂ ಸಿಗಲಿಲ್ಲ. ನಮ್ಮ ಮಕ್ಕಳಿಗೆ ಓಡಲು ಬರುವುದಿಲ್ಲವೇ? ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬದುವಿನ ಮೇಲೆ ಓಡುವ ಮಕ್ಕಳಿಗೆ ಬೇರೆಯವರು ಓಟ ಹೇಳಿಕೊಡಬೇಕೇ? ಎರಡನೆಯದು, ಮಹೋತ್ಸವದ ನಿಧಿಯಲ್ಲಿ ಉಳಿಯುವ ಹಣವನ್ನು ಏನು ಮಾಡಬೇಕು ಎಂಬ ಚರ್ಚೆ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಎರಡು ತಿಂಗಳಿಂದ ನಡೆದಿದೆ. ನನ್ನ ಅಭಿಪ್ರಾಯವನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲು ಸ್ವಲ್ಪ ದೂರದ ಮಾತು. ಕಂಪನಿ ಕೆಲಸದ ಮೇಲೆ ಎರಡು ವರ್ಷ ನಾನು ಕೆನಡಾದಲ್ಲಿ, ಟೊರಾಂಟೊ ಪಕ್ಕದ ಮಿಸ್ಸಿಸ್ಸಾಗಾದಲ್ಲಿದ್ದೆ. ಅಲ್ಲಿಯ ಆಟ ಐಸ್ ಹಾಕಿ. ಮಂಜುಗಡ್ಡೆಯ ಅಂಗಳದ ಮೇಲೆ ಸ್ಕೇಟ್ಸ್ ಕಟ್ಟಿಕೊಂಡು, ಪಕ್ ಎನ್ನುವ ರಬ್ಬರ್ ಬಿಲ್ಲೆಯನ್ನು ಕೋಲಿನಿಂದ ಗೋಲಿಗೆ ತಳ್ಳುವ ಆಟ. ನಮಗೆ ಕ್ರಿಕೆಟ್ ಹೇಗೋ ಅವರಿಗೆ ಅದು ಹಾಗೆ. ನನ್ನ ಪಕ್ಕದ ಮನೆಯಲ್ಲಿ ಹಾಸನದ ಕಡೆಯ ಒಂದು ಕುಟುಂಬವಿತ್ತು. ಅವರ ಮಗನಿಗೆ ಒಂಬತ್ತು ವರ್ಷ. ಶನಿವಾರ ಬೆಳಗಿನ ಜಾವ ಐದೂವರೆಗೆ, ಹೊರಗೆ ಹಿಮ ಬೀಳುತ್ತಿರುವಾಗ, ಅಪ್ಪ ಮಗ ದೊಡ್ಡ ಚೀಲ ಹೊತ್ತು ಕಾರಿಗೆ ಹಾಕುತ್ತಿದ್ದರು. ಒಂದೆರಡು ಸಲ ನಾನೂ ಜೊತೆಗೆ ಹೋದೆ. ಹುಡುಗರ ಆಟಕ್ಕಿಂತ ಆ ವ್ಯವಸ್ಥೆಯನ್ನು ನೋಡಿ ನನಗೆ ಬೆರಗಾಯಿತು.

ಅಲ್ಲಿ ಮಕ್ಕಳನ್ನು ವಯಸ್ಸಿನ ಪ್ರಕಾರ ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸಿದ್ದಾರೆ. 7 ವರ್ಷದೊಳಗಿನವರು, ಆಮೇಲೆ 9, 11, 13, 15, 18 ವರ್ಷದೊಳಗಿನವರು. ತೀರ ಚಿಕ್ಕವರಿಗೆ ಇಡೀ ಅಂಗಳ ಕೊಡುವುದಿಲ್ಲ, ಅರ್ಧ ಅಂಗಳದಲ್ಲಿ ಆಡಿಸುತ್ತಾರೆ. ದೊಡ್ಡ ಅಂಗಳ ಕೊಟ್ಟರೆ ಚುರುಕಾದ ಇಬ್ಬರು ಹುಡುಗರೇ ಬಿಲ್ಲೆ ಹೊಡೆದುಕೊಂಡು ಓಡುತ್ತಾರೆ, ಉಳಿದವರು ನಿಂತು ನೋಡುತ್ತಾರೆ. ಚಿಕ್ಕ ಅಂಗಳದಲ್ಲಿ ಪ್ರತಿ ಮಗುವಿನ ಕೋಲಿಗೂ ಬಿಲ್ಲೆ ಹತ್ತಾರು ಸಲ ತಾಗುತ್ತದೆ. 13 ವರ್ಷದೊಳಗಿನವರ ಆಟದಲ್ಲಿ ಮೈಗೆ ಮೈ ಡಿಕ್ಕಿ ಹೊಡೆಯುವಂತಿಲ್ಲ. ಮೊದಲು ಕೈಚಳಕ, ಆಮೇಲೆ ಬಲ. ತರಬೇತುದಾರರಲ್ಲಿ ಬಹುಪಾಲು ಮಕ್ಕಳ ಅಪ್ಪ ಅಮ್ಮಂದಿರೇ, ಸಂಬಳವಿಲ್ಲದೆ ಬರುವವರು.

ಹದಿನಾರು ದಾಟಿದ ಒಳ್ಳೆಯ ಆಟಗಾರರು ಜೂನಿಯರ್ ಲೀಗ್‌ಗಳಿಗೆ ಹೋಗುತ್ತಾರೆ. ಅಂಥ ದೊಡ್ಡ ಲೀಗ್‌ಗಳು ಕೆನಡಾದಲ್ಲಿ ಮೂರಿವೆ. ಅಲ್ಲಿಂದ ಮುಂದೆ ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್ಎಚ್ಎಲ್. ಅದರಲ್ಲಿ 32 ತಂಡಗಳು. ವರ್ಷಕ್ಕೊಮ್ಮೆ ಏಳು ಸುತ್ತುಗಳಲ್ಲಿ 18 ವರ್ಷ ತುಂಬಿದ ಹುಡುಗರನ್ನು ಆರಿಸಿಕೊಳ್ಳುತ್ತಾರೆ, ಒಟ್ಟು 224 ಮಂದಿ. ಲಕ್ಷಾಂತರ ಮಕ್ಕಳು ಕೆಳಗಿನ ಮೆಟ್ಟಿಲು ಹತ್ತಿದರೆ ಮೇಲೆ ಕಾಣುವವರು ಇಷ್ಟೇ. ಆಯ್ಕೆಯಾದವರಲ್ಲೂ ಎಷ್ಟೋ ಮಂದಿ ಎನ್ಎಚ್ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡುವುದಿಲ್ಲ.

ಅಲ್ಲಿದ್ದಾಗ ರಾಬಿನ್ ಬಾವಾ ಎಂಬ ಹೆಸರು ಕೇಳಿದೆ. ಪಂಜಾಬಿ ಮೂಲದವರು, ಕೆನಡಾದ ಪಶ್ಚಿಮ ತುದಿಯಲ್ಲಿರುವ ಬ್ರಿಟಿಷ್ ಕೊಲಂಬಿಯಾದ ಡಂಕನ್ ಎಂಬ ಚಿಕ್ಕ ಊರಿನವರು. ಊರಿನ ಮಕ್ಕಳ ತಂಡಗಳಲ್ಲಿ ಆಡಿ, ಜೂನಿಯರ್ ಲೀಗ್‌ನಲ್ಲಿ ಕಾಮ್‌ಲೂಪ್ಸ್ ತಂಡ ಸೇರಿದರು. ವಾರ್ಷಿಕ ಆಯ್ಕೆಯಲ್ಲಿ ಯಾವ ತಂಡವೂ ಅವರನ್ನು ಆರಿಸಲಿಲ್ಲ. ಆದರೂ ಆಟ ಬಿಡದೆ ಮುಂದುವರಿದು 1989ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ ತಂಡದ ಪರವಾಗಿ ಅಂಗಳಕ್ಕಿಳಿದರು. ಎನ್ಎಚ್ಎಲ್‌ನಲ್ಲಿ ಆಡಿದ ಭಾರತೀಯ ಮೂಲದ ಮೊದಲ ಆಟಗಾರ ಅವರೇ. ನಾಲ್ಕು ತಂಡಗಳಿಗೆ ಸೇರಿ ಅವರು ಆಡಿದ್ದು 61 ಪಂದ್ಯ. ಸಂಖ್ಯೆ ಚಿಕ್ಕದು. ಅವರ ಹಿಂದೆ ಮಕ್ಕಳ ತಂಡಗಳ ಆ ಸಾಲು ಇಲ್ಲದಿದ್ದರೆ ಆ 61 ಕೂಡ ಆಗುತ್ತಿರಲಿಲ್ಲ.

ಆ ವ್ಯವಸ್ಥೆಯಲ್ಲಿ ಎಲ್ಲವೂ ಸರಿ ಇದೆ ಎಂದು ನಾನು ಹೇಳುತ್ತಿಲ್ಲ. ಸ್ಕೇಟ್ಸ್, ಹೆಲ್ಮೆಟ್, ಕವಚ, ಅಂಗಳದ ಬಾಡಿಗೆ ಎಲ್ಲ ಸೇರಿ ಒಂದು ಮಗುವಿಗೆ ವರ್ಷಕ್ಕೆ ಸಾವಿರಾರು ಡಾಲರ್ ಬೇಕು. ಅಲ್ಲಿಯೂ ಬಡವರ ಮಕ್ಕಳು ಹೊರಗೇ ಉಳಿಯುತ್ತಾರೆ. ನಾನು ತೆಗೆದುಕೊಂಡ ಪಾಠ ಒಂದೇ. ಆಟಗಾರ ಆಕಾಶದಿಂದ ಬೀಳುವುದಿಲ್ಲ. ಅವನ ಕಾಲ ಕೆಳಗೆ ಪ್ರತಿ ಎರಡು ವರ್ಷಕ್ಕೆ ಒಂದು ಮೆಟ್ಟಿಲನ್ನು ಯಾರೋ ಇಟ್ಟಿರುತ್ತಾರೆ.

ಇದನ್ನು ನಮ್ಮ ಕಡೆಯವರಿಗೆ ಹೇಳುವುದು ಬಹಳ ಸುಲಭ. ಇಲ್ಲಿ ಕೂತಿರುವ ಅರ್ಧಕ್ಕರ್ಧ ಮನೆಗಳಲ್ಲಿ ರೇಷ್ಮೆ ಹುಳು ಸಾಕುತ್ತೀರಿ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಒಳ್ಳೆಯ ಗೂಡಿಗೆ ಒಳ್ಳೆಯ ಬೆಲೆ ಬರಬೇಕಾದರೆ ಏನಿರಬೇಕು? ಹುಳು ನಾಲ್ಕು ಜ್ವರ ದಾಟಬೇಕು. ಮೊದಲ ಎರಡು ಜ್ವರದವರೆಗೆ ಅದು ಚಾಕಿ ಹುಳು. ಎಳೆ ಸೊಪ್ಪು ಸಣ್ಣಗೆ ಹೆಚ್ಚಿ ಹಾಕಬೇಕು, ಶಾಖ ನೋಡಬೇಕು, ತೇವ ನೋಡಬೇಕು. ಅದಕ್ಕಾಗಿಯೇ ಚಾಕಿ ಕೇಂದ್ರಗಳಿವೆ. ಚಾಕಿಯಲ್ಲಿ ಕೆಟ್ಟರೆ ಆಮೇಲೆ ಎಷ್ಟು ಒಳ್ಳೆಯ ಸೊಪ್ಪು ಹಾಕಿದರೂ ಬೆಳೆ ಏಳುವುದಿಲ್ಲ ಎಂದು ನನ್ನ ಅಜ್ಜಿ ಹೇಳುತ್ತಿದ್ದರು. ಐಸ್ ಹಾಕಿಯ 7, 9, 11 ವರ್ಷದೊಳಗಿನವರ ತಂಡಗಳು ಅಂದರೆ ಬೇರೇನಲ್ಲ, ಆಟಗಾರರ ಚಾಕಿ ಕೇಂದ್ರ.

ಕೆನಡಾದ ಮಾತು ಸಾಕು. ನಮ್ಮ ರಾಜ್ಯಕ್ಕೇ ಬರೋಣ. ಮಂಜಿಲ್ಲದ ಹಾಕಿಗೆ, ಮಣ್ಣಿನ ಮೈದಾನದ ಹಾಕಿಗೆ ಕರ್ನಾಟಕದಲ್ಲಿ ಹೆಸರಾದ ಜಿಲ್ಲೆ ಕೊಡಗು. 1973ರ ವಿಶ್ವಕಪ್‌ನಲ್ಲಿ ಭಾರತಕ್ಕೆ ಬೆಳ್ಳಿ ಬಂದಾಗ ನಾಯಕರಾಗಿದ್ದ ಎಂ.ಪಿ. ಗಣೇಶ್, 1975ರಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿದ್ದ ಬಿ.ಪಿ. ಗೋವಿಂದ, 1980ರ ಮಾಸ್ಕೋ ಒಲಿಂಪಿಕ್ಸ್‌ನ ಚಿನ್ನದ ತಂಡದಲ್ಲಿದ್ದ ಎಂ.ಎಂ. ಸೋಮಯ್ಯ, ಇವರೆಲ್ಲ ಕೊಡಗಿನವರು. ಆ ಜಿಲ್ಲೆ ನಮ್ಮದಕ್ಕಿಂತ ದೊಡ್ಡದೇನಲ್ಲ, ಜನಸಂಖ್ಯೆಯಂತೂ ನಮ್ಮ ಅರ್ಧದಷ್ಟೂ ಇಲ್ಲ. ಹಾಗಾದರೆ ಅಲ್ಲಿ ಏನಿದೆ?

ಸೈನ್ಯದ ಸಂಪ್ರದಾಯವಿದೆ, ಸೈನಿಕರು ಊರಿಗೆ ಬರುವಾಗ ಹಾಕಿ ಕೋಲನ್ನೂ ತಂದರು. ಅದು ಒಂದು ಕಾರಣ. ಇನ್ನೊಂದು ಕಾರಣ ನಮ್ಮ ಕಣ್ಣೆದುರಿಗೇ ಹುಟ್ಟಿದ್ದು. 1997ರಲ್ಲಿ ಪಾಂಡಂಡ ಕುಟ್ಟಪ್ಪ ಎಂಬ ಹಿರಿಯರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿ ಆರಂಭಿಸಿದರು. ಮೊದಲ ವರ್ಷ ಬಂದದ್ದು 60 ಕುಟುಂಬಗಳು. ಪ್ರತಿ ವರ್ಷ ಒಂದೊಂದು ಕುಟುಂಬ ಆತಿಥ್ಯ ವಹಿಸುತ್ತ ಬಂತು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದಾಗ 360 ತಂಡಗಳು ಆಡಿದವು. ಗಿನ್ನೆಸ್ ದಾಖಲೆಯೂ ಆಯಿತು. ಅಲ್ಲಿ ಅಜ್ಜ ಆಡುತ್ತಾರೆ, ಸೊಸೆ ಆಡುತ್ತಾರೆ, ಹತ್ತು ವರ್ಷದ ಮೊಮ್ಮಗಳೂ ಕೋಲು ಹಿಡಿಯುತ್ತಾಳೆ. ಮನೆಯ ಹಿರಿಯರೇ ಆಟಕ್ಕೆ ನಿಂತ ಮೇಲೆ ಆಟ ಕಾಲಹರಣ ಎಂದು ಮಗುವಿಗೆ ಹೇಳುವವರು ಯಾರು?

ಆದರೆ ಇವತ್ತು ನಾನು ವಿವರವಾಗಿ ಹೇಳಬೇಕೆಂದಿರುವುದು ದೊಡ್ಡ ಮನೆತನದ ಬಲವಿಲ್ಲದೆ ಬಂದ ಒಬ್ಬ ಹುಡುಗನ ಕಥೆ. ಕೊಡಗಿನ ಸೋಮವಾರಪೇಟೆ ನಮ್ಮ ಶಿಡ್ಲಘಟ್ಟದ ಹಾಗೆ ಒಂದು ತಾಲ್ಲೂಕು ಕೇಂದ್ರ. ಭಾರತ ತಂಡದ ನಾಯಕತ್ವ ವಹಿಸಿದ್ದ ಅರ್ಜುನ್ ಹಾಲಪ್ಪ ಅಲ್ಲಿಯವರು. ಅದೇ ಊರಿನ ಇನ್ನೊಬ್ಬರು ಎಸ್.ವಿ. ಸುನಿಲ್. ಹುಟ್ಟಿದ್ದು 1989ರ ಮೇ 6ರಂದು. ನಾನೂ ಅದೇ ವರ್ಷ ಹುಟ್ಟಿದವನು, ಆದ್ದರಿಂದ ಅವರ ಲೆಕ್ಕವನ್ನು ನನ್ನ ಲೆಕ್ಕದ ಪಕ್ಕದಲ್ಲಿಟ್ಟು ನೋಡುವುದು ನನ್ನ ಅಭ್ಯಾಸ.

ಸುನಿಲ್ ಅವರ ತಂದೆ ವಿಠಲಾಚಾರ್ಯರು ಬಡಗಿ. ಮಗನಿಗೆ ನಾಲ್ಕು ವರ್ಷವಾಗಿದ್ದಾಗ ತಾಯಿ ತೀರಿಕೊಂಡರು. ಅಣ್ಣ ಚಿನ್ನದ ಕೆಲಸ ಮಾಡುತ್ತಿದ್ದರು. ಹಾಕಿ ಸ್ಟಿಕ್ ಕೊಳ್ಳುವ ಶಕ್ತಿ ಮನೆಗಿರಲಿಲ್ಲ, ಹುಡುಗ ಬಿದಿರಿನ ಕೋಲಿನಲ್ಲಿ ಆಡಿದ. ಇಂಥ ಕಥೆ ಕೇಳಿದಾಗ ನಾವು "ಛಲ ಇದ್ದರೆ ಸಾಕು" ಎಂದು ಮಕ್ಕಳಿಗೆ ಬುದ್ಧಿ ಹೇಳಿ ಮುಗಿಸುತ್ತೇವೆ. ನಾನು ಹಾಗೆ ಮುಗಿಸುವುದಿಲ್ಲ. ಬಿದಿರಿನ ಕೋಲು ಹಿಡಿದ ಹುಡುಗರು ಬೇರೆ ಊರುಗಳಲ್ಲೂ ಇದ್ದರು. ಆದರೆ ಸೋಮವಾರಪೇಟೆಯಲ್ಲಿ ಆ ಹುಡುಗನ ಎದುರಿಗೆ ಹಾಕಿ ಆಡುವ ಮೈದಾನವಿತ್ತು, ಆಡುವ ಹಿರಿಯ ಹುಡುಗರಿದ್ದರು, ಇವನು ಚೆನ್ನಾಗಿ ಓಡುತ್ತಾನೆ ಎಂದು ಗುರುತಿಸುವ ಕಣ್ಣುಗಳಿದ್ದವು. ಅದೇ ಊರಿನಿಂದ ಹಾಲಪ್ಪ 2004ರ ಅಥೆನ್ಸ್ ಒಲಿಂಪಿಕ್ಸ್‌ಗೆ ಹೋದಾಗ ಸುನಿಲ್‌ಗೆ ಹದಿನೈದು ವರ್ಷ. ತನ್ನ ಊರಿನ ಬಸ್ ಸ್ಟ್ಯಾಂಡಿನಲ್ಲಿ ಓಡಾಡಿದವನೊಬ್ಬ ಟೀವಿಯಲ್ಲಿ ಭಾರತದ ಅಂಗಿ ತೊಟ್ಟು ಕಾಣಿಸುವುದು ಹದಿನೈದರ ಹುಡುಗನಿಗೆ ಏನು ಮಾಡುತ್ತದೆ ಎಂದು ಯೋಚಿಸಿ. ಆ ಬಲ ನಮ್ಮಲ್ಲಿ ಯಾರಿಗೂ ಸಿಕ್ಕಿರಲಿಲ್ಲ.

2007ರಲ್ಲಿ, ಹದಿನೆಂಟು ವರ್ಷಕ್ಕೆ, ಚೆನ್ನೈನ ಏಷ್ಯಾ ಕಪ್‌ನಲ್ಲಿ ಸುನಿಲ್ ಭಾರತದ ಪರ ಆಡಿದರು. ಫೈನಲ್‌ನಲ್ಲಿ ದಕ್ಷಿಣ ಕೊರಿಯಾವನ್ನು 7-2ರಿಂದ ಸೋಲಿಸಿ ಭಾರತ ಕಪ್ ಗೆದ್ದಿತು. ಆ ವರ್ಷ ನಾನು ಸಿಇಟಿ ಬರೆದು ಸೀಟಿಗಾಗಿ ಕಾಯುತ್ತಿದ್ದೆ. 2009ರಲ್ಲಿ ಮಲೇಷ್ಯಾದ ಇಪೋದಲ್ಲಿ ಅಜ್ಲಾನ್ ಷಾ ಕಪ್ ನಡೆಯುತ್ತಿರುವಾಗ ತಂದೆ ತೀರಿಕೊಂಡ ಸುದ್ದಿ ಅವರಿಗೆ ಬಂತು. ಆ ಕಪ್ಪನ್ನೂ ಭಾರತ ಗೆದ್ದಿತು. ತಾಯಿಯೂ ಇಲ್ಲ, ತಂದೆಯೂ ಇಲ್ಲ, ವಯಸ್ಸು ಹತ್ತೊಂಬತ್ತು. ಅಲ್ಲಿಂದ ಮುಂದೆ ಅವರು 12 ವರ್ಷ ದೇಶಕ್ಕಾಗಿ ಆಡಿದರು.

ಎಲ್ಲವೂ ಗೆಲುವೇ ಆಗಿರಲಿಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಹನ್ನೆರಡನೆಯ, ಅಂದರೆ ಕೊನೆಯ ಸ್ಥಾನಕ್ಕೆ ಬಿತ್ತು. ಅದೇ ಆಟಗಾರರಲ್ಲಿ ಹಲವರು ಎರಡು ವರ್ಷದ ಮೇಲೆ ಇಂಚಾನ್‌ನ ಏಷ್ಯನ್ ಗೇಮ್ಸ್‌ನಲ್ಲಿ ಪಾಕಿಸ್ತಾನವನ್ನು ಸೋಲಿಸಿ ಚಿನ್ನ ತಂದರು. ಸುನಿಲ್ ಆ ತಂಡದಲ್ಲಿದ್ದರು. 2013ರಲ್ಲಿ ಹಾಕಿ ಇಂಡಿಯಾ ಲೀಗ್ ಆರಂಭವಾದಾಗ ಪಂಜಾಬ್ ವಾರಿಯರ್ಸ್ ಸೇರಿದರು, ಆ ತಂಡ 2016ರಲ್ಲಿ ಪ್ರಶಸ್ತಿ ಗೆದ್ದಿತು. ಅದೇ ವರ್ಷ ರಿಯೊ ಒಲಿಂಪಿಕ್ಸ್. ಏಷ್ಯಾದ ವರ್ಷದ ಆಟಗಾರ ಎಂಬ ಗೌರವವೂ 2016ರದ್ದೇ. 2017ರಲ್ಲಿ ಅರ್ಜುನ ಪ್ರಶಸ್ತಿ. 2018ರಲ್ಲಿ ನಮ್ಮ ದೇಶದಲ್ಲೇ, ಭುವನೇಶ್ವರದಲ್ಲಿ ವಿಶ್ವಕಪ್ ನಡೆದಾಗ ಮಂಡಿಯ ಗಾಯದಿಂದ ಹೊರಗುಳಿದರು. ಟೋಕಿಯೊ ಒಲಿಂಪಿಕ್ಸ್‌ನ ತಂಡದಲ್ಲಿ ಸ್ಥಾನ ಸಿಗಲಿಲ್ಲ. 2021ರ ಆಗಸ್ಟ್ 5ರಂದು ಭಾರತ ಜರ್ಮನಿಯನ್ನು 5-4ರಿಂದ ಸೋಲಿಸಿ 41 ವರ್ಷಗಳ ಮೇಲೆ ಹಾಕಿಯಲ್ಲಿ ಒಲಿಂಪಿಕ್ ಪದಕ ಗೆದ್ದಾಗ ಸುನಿಲ್ ಅಂಗಳದಲ್ಲಿ ಇರಲಿಲ್ಲ. ಎರಡು ತಿಂಗಳಲ್ಲಿ ನಿವೃತ್ತಿ ಹೇಳಿದರು. ಅಂತರರಾಷ್ಟ್ರೀಯ ಪಂದ್ಯಗಳು 264, ಗೋಲುಗಳು 72.

ಮಕ್ಕಳೇ, ಈ ಕಡೆಯ ಭಾಗವನ್ನು ನಾನು ಬೇಕೆಂದೇ ಹೇಳಿದೆ. ಹದಿನಾಲ್ಕು ವರ್ಷ ಭಾರವನ್ನು ಹೊತ್ತವರಿಗೆ ಪದಕದ ದಿನ ವೇದಿಕೆ ಸಿಗಲಿಲ್ಲ. ಆಟದಲ್ಲಿ ಇಂಥದ್ದೂ ಇರುತ್ತದೆ. ಮೆಟ್ಟಿಲು ಇದ್ದರೆ ಹತ್ತಬಹುದು ಎಂಬುದಷ್ಟೇ ಭರವಸೆ, ತುದಿಯಲ್ಲಿ ಪದಕ ಇಟ್ಟಿರುತ್ತಾರೆ ಎಂದು ಯಾರೂ ಬರೆದುಕೊಡುವುದಿಲ್ಲ.

ಈಗ ನಮ್ಮ ಮೆಟ್ಟಿಲುಗಳನ್ನು ನೋಡೋಣ. ಸರ್ಕಾರಿ ಶಾಲೆಯ ಮಕ್ಕಳಿಗೆ ಮೆಟ್ಟಿಲೇ ಇಲ್ಲ ಎಂದಲ್ಲ. ಹೋಬಳಿ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ, ವಿಭಾಗ ಮಟ್ಟ, ರಾಜ್ಯ ಮಟ್ಟ, ಆಮೇಲೆ ರಾಷ್ಟ್ರ ಮಟ್ಟದ ಶಾಲಾ ಕ್ರೀಡಾಕೂಟ. 14 ವರ್ಷದೊಳಗಿನವರಿಗೆ ಬೇರೆ, 17 ವರ್ಷದೊಳಗಿನವರಿಗೆ ಬೇರೆ. ಕಾಗದದ ಮೇಲೆ ಇದು ಕೆನಡಾದ ಏಣಿಗೆ ಏನೂ ಕಡಿಮೆಯಿಲ್ಲ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ಶಾಲೆಗಳಿಗೂ ಪ್ರತಿ ವರ್ಷ ಮಕ್ಕಳನ್ನು ಆಯ್ಕೆ ಮಾಡುತ್ತಾರೆ, ಐದನೇ ತರಗತಿಗೆ ಮತ್ತು ಎಂಟನೇ ತರಗತಿಗೆ ಸೇರುವವರಿಗೆ. ಆಯ್ಕೆಯಾದರೆ ಊಟ, ವಸತಿ, ಓದು, ತರಬೇತಿ ಎಲ್ಲ ಅಲ್ಲೇ. ಈ ವಿಷಯ ಇಲ್ಲಿರುವ ಎಷ್ಟು ತಂದೆ ತಾಯಂದಿರಿಗೆ ಗೊತ್ತು? ಕೈ ಎತ್ತಿ ನೋಡೋಣ. (ನಾಲ್ಕೈದು ಕೈಗಳು ಎದ್ದವು.) ನೋಡಿ, ಏಣಿ ಇದೆ. ಅದು ಎಲ್ಲಿ ಒರಗಿಸಿದೆ ಎಂದು ನಮಗೆ ಗೊತ್ತಿಲ್ಲ.

ನಾವು ಓದುವ ಕಾಲಕ್ಕೆ ಇನ್ನೂ ಕಷ್ಟವಿತ್ತು. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೆ ಮುಂಚೆ ಜಿಲ್ಲಾ ಮಟ್ಟ ಅಂದರೆ ಕೋಲಾರ. ಚಿಂತಾಮಣಿಯವರಿಗೆ ಪರವಾಗಿಲ್ಲ, ಗೌರಿಬಿದನೂರಿನ ಮಕ್ಕಳಿಗೆ ಅದು ನೂರು ಕಿಲೋಮೀಟರಿನಷ್ಟು ದೂರದ ಪ್ರಯಾಣ. ನಮ್ಮ ತರಗತಿಯಲ್ಲಿ ಒಬ್ಬ ಗೆಳೆಯನಿದ್ದ. ಹೆಸರು ಬೇಡ, ಅವನು ಈ ಸಭೆಯಲ್ಲೇ ಇದ್ದಾನೆ. ಬರಿಗಾಲಿನಲ್ಲಿ 1500 ಮೀಟರ್ ಓಡಿ ತಾಲ್ಲೂಕಿಗೆ ಮೊದಲ ಬಂದ. ಎರಡನೆಯವನು ಕೊನೆಯ ಸುತ್ತಿನ ಅರ್ಧದಲ್ಲಿದ್ದಾಗ ಇವನು ಗೆರೆ ಮುಟ್ಟಿ ನೀರು ಕುಡಿಯುತ್ತಿದ್ದ. ನಮ್ಮ ಪಿ.ಟಿ. ಮೇಷ್ಟ್ರು ಕಣ್ಣಲ್ಲಿ ನೀರು ತುಂಬಿಕೊಂಡು ಅವನ ಬೆನ್ನು ತಟ್ಟಿದ್ದು ನನಗೆ ಚೆನ್ನಾಗಿ ನೆನಪಿದೆ. ಜಿಲ್ಲಾ ಕ್ರೀಡಾಕೂಟಕ್ಕೆ ಕೋಲಾರಕ್ಕೆ ಹೊರಡಬೇಕಾದ ದಿನ ಅವನು ಬರಲಿಲ್ಲ. ಅವರ ಮನೆಯಲ್ಲಿ ಹುಳು ಹಣ್ಣಾಗಿತ್ತು. ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡುವ ದಿನ ಮನೆಯ ಎಲ್ಲ ಕೈಗಳೂ ಬೇಕು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಒಂದು ದಿನ ತಪ್ಪಿದರೆ ತಿಂಗಳ ದುಡಿಮೆ ಹೋಗುತ್ತದೆ. ಅವರಪ್ಪನದೂ ತಪ್ಪಲ್ಲ. ಆ ಮನೆಗೆ ಎರಡು ದಿನದ ಮಟ್ಟಿಗೆ ಒಂದು ಕೂಲಿ ಆಳು ಸಿಕ್ಕಿದ್ದರೆ, ಕೋಲಾರದ ಬಸ್ ಚಾರ್ಜು, ಊಟದ ಖರ್ಚು ಯಾರಾದರೂ ಕೊಟ್ಟಿದ್ದರೆ ಅವನು ಓಡುತ್ತಿದ್ದ. ಗೆಲ್ಲುತ್ತಿದ್ದನೋ ಇಲ್ಲವೋ, ಆ ಮಾತು ಬೇರೆ. ಓಡುತ್ತಿದ್ದ.

ಈಗ ಅವನು ಗೂಡ್ಸ್ ಆಟೊ ಓಡಿಸುತ್ತಾನೆ, ಮರ್ಯಾದೆಯ ಬದುಕು ಕಟ್ಟಿಕೊಂಡಿದ್ದಾನೆ. ಅವನ ಮಗಳು ಇದೇ ಶಾಲೆಯ ಎಂಟನೇ ತರಗತಿಯಲ್ಲಿದ್ದಾಳೆ. ನಿನ್ನೆ ಹಳೆಯ ವಿದ್ಯಾರ್ಥಿಗಳಿಗಾಗಿ ನಡೆದ ಆಟೋಟದ ನಡುವೆ ಹೆಣ್ಣುಮಕ್ಕಳ ಖೋ ಖೋ ಇತ್ತು. ಆ ಹುಡುಗಿ ಕಂಬ ಸುತ್ತಿ ತಿರುಗಿದ ವೇಗ ನೋಡಿ ನಾವು ನಾಲ್ಕೈದು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅದು ಅವಳಪ್ಪನ ಕಾಲು.

ಖೋ ಖೋ ಆಡಿದರೆ ಏನು ಬರುತ್ತದೆ ಎಂದು ಕೇಳುವವರಿದ್ದಾರೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಗಂಡಸರ ವಿಭಾಗದಲ್ಲೂ ಹೆಂಗಸರ ವಿಭಾಗದಲ್ಲೂ ಭಾರತವೇ ಗೆದ್ದಿತು. ಹೆಂಗಸರ ತಂಡದಲ್ಲಿದ್ದ ಬಿ. ಚೈತ್ರಾ ಮೈಸೂರು ಜಿಲ್ಲೆ ತಿ. ನರಸೀಪುರ ತಾಲ್ಲೂಕಿನ ಕುರುಬೂರು ಗ್ರಾಮದವರು. ಮಂಜಿನ ಆಟಕ್ಕೂ ಒಂದು ಉದಾಹರಣೆ ಕೊಡುತ್ತೇನೆ. ಲಡಾಖ್‌ನ ಹೆಣ್ಣುಮಕ್ಕಳು ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳ ಮೇಲೆ ಐಸ್ ಹಾಕಿ ಕಲಿತು 2016ರಲ್ಲಿ ಭಾರತ ತಂಡವಾಗಿ ನಿಂತರು. ಮರುವರ್ಷ ಫಿಲಿಪ್ಪೀನ್ಸ್ ವಿರುದ್ಧ 4-3ರಿಂದ ಮೊದಲ ಅಂತರರಾಷ್ಟ್ರೀಯ ಪಂದ್ಯ ಗೆದ್ದರು. 2025ರಲ್ಲಿ ಏಷ್ಯಾ ಕಪ್‌ನ ಕಂಚು ತಂದರು. ಕುರುಬೂರಿಗೂ ಲೇಹ್‌ಗೂ ಸಾಧ್ಯವಾದದ್ದು ನಮಗೇಕೆ ಆಗಬಾರದು?

ನಮ್ಮ ಜಿಲ್ಲೆಯಲ್ಲಿ ಅಂಗಳಗಳಿಲ್ಲವೆಂದಲ್ಲ. ಚಿಕ್ಕಬಳ್ಳಾಪುರದಲ್ಲಿ ಸರ್ ಎಂ.ವಿ. ಹೆಸರಿನ ಜಿಲ್ಲಾ ಕ್ರೀಡಾಂಗಣವಿದೆ. ಅವರ ಹುಟ್ಟೂರು ಮುದ್ದೇನಹಳ್ಳಿಯಲ್ಲಿ 2024ರ ಜನವರಿಯಲ್ಲಿ ಸಚಿನ್ ತೆಂಡೂಲ್ಕರ್, ಯುವರಾಜ್ ಸಿಂಗ್ ಬಂದು ಕ್ರಿಕೆಟ್ ಆಡಿದರು. ನಮ್ಮ ಊರಿನ ಹುಡುಗರು ಬೈಕಿನಲ್ಲಿ ಮೂವರು ಮೂವರು ಕೂತು ನೋಡಲು ಹೋಗಿದ್ದರು. ಸಂತೋಷ. ಆದರೆ ಜಿಲ್ಲಾ ಕ್ರೀಡಾಂಗಣ ಏಣಿಯ ನಡುವಿನ ಮೆಟ್ಟಿಲು. ಮೊದಲ ಮೆಟ್ಟಿಲು ಇದು, ಈಗ ನೀವು ಕೂತಿದ್ದೀರಲ್ಲ, ಈ ಶಾಮಿಯಾನದ ಕೆಳಗಿನ ನೆಲ. ಇಲ್ಲಿ ಮಳೆ ಬಂದರೆ ನೀರು ನಿಲ್ಲುತ್ತದೆ, ಒಂದು ಕಡೆ ಕಲ್ಲು ಎದ್ದಿದೆ, ಇನ್ನೊಂದು ಕಡೆ ದನ ಬರುತ್ತದೆ.

ಈಗ ನಿಧಿಯ ಮಾತು. ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯ ಮುಂದೆ ಕಲ್ಲಿನ ಕಮಾನು ಕಟ್ಟಿಸಬೇಕು, ಅದರ ಮೇಲೆ ದಾನಿಗಳ ಹೆಸರು ಕೆತ್ತಿಸಬೇಕು ಎಂಬುದು ಬಹುಮಂದಿಯ ಆಸೆ. ಆ ಆಸೆಯ ಹಿಂದಿನ ಪ್ರೀತಿ ನನಗೆ ಅರ್ಥವಾಗುತ್ತದೆ. ನನ್ನ ವಿನಂತಿ ಇಷ್ಟು: ಕಮಾನು ಐದು ವರ್ಷ ಕಾಯಲಿ. ಮಕ್ಕಳ ವಯಸ್ಸು ಕಾಯುವುದಿಲ್ಲ. ಹದಿಮೂರು ವರ್ಷದ ಹುಡುಗಿ ಐದು ವರ್ಷ ಕಳೆದರೆ ಹದಿನೆಂಟಾಗಿರುತ್ತಾಳೆ, ಅವಳ ಚಾಕಿಯ ಕಾಲ ಮುಗಿದಿರುತ್ತದೆ.

ಆ ಹಣದಲ್ಲಿ ಮಾಡಬಹುದಾದ ನಾಲ್ಕು ಕೆಲಸಗಳನ್ನು ಮುಂದಿಡುತ್ತೇನೆ.

ಒಂದು, ಮೈದಾನವನ್ನು ಮಟ್ಟ ಮಾಡಿಸಿ, ನೀರು ಹರಿಯುವ ಕಾಲುವೆ ತೆಗೆಸಿ, ಸುತ್ತ ಬೇಲಿ ಹಾಕಿಸೋಣ. ಕೆಂಪು ಮಣ್ಣು ನಮ್ಮ ಊರಿನದೇ, ಟ್ರ್ಯಾಕ್ಟರ್ ಇರುವ ಹಳೆಯ ವಿದ್ಯಾರ್ಥಿಗಳು ಕಡಿಮೆ ಏನಿಲ್ಲ.

ಎರಡು, ಒಂದು ಪ್ರಯಾಣ ನಿಧಿ. ತಾಲ್ಲೂಕು ದಾಟಿ ಮುಂದೆ ಹೋಗುವ ಪ್ರತಿ ಮಗುವಿಗೂ ಬಸ್ ಚಾರ್ಜು, ಊಟ, ಒಂದು ಜೊತೆ ಶೂ. ಹೆಣ್ಣುಮಕ್ಕಳು ಹೋಗುವಾಗ ಜೊತೆಗೆ ಒಬ್ಬ ಶಿಕ್ಷಕಿಗೆ ಅಥವಾ ತಾಯಿಗೂ ಖರ್ಚು. ಅಪ್ಪ ಅಮ್ಮ ಕಳುಹಿಸುವುದಿಲ್ಲ ಎಂದು ದೂರುವ ಮೊದಲು ಜೊತೆಗೆ ಹೋಗುವವರನ್ನು ನಾವು ಒದಗಿಸಬೇಕು. ಮನೆಯಲ್ಲಿ ಹುಳು ಹಣ್ಣಾಗಿರುವ ಮಗುವಿನ ಮನೆಗೆ ಎರಡು ದಿನದ ಕೂಲಿಯನ್ನೂ ಇದೇ ನಿಧಿ ಕೊಡಲಿ. ನಗಬೇಡಿ, ಇದು ನನ್ನ ಪಟ್ಟಿಯಲ್ಲಿ ಬಹಳ ಮುಖ್ಯವಾದದ್ದು.

ಮೂರು, ಕೊಡಗಿನವರು ಕುಟುಂಬಗಳ ನಡುವೆ ಮಾಡಿದ್ದನ್ನು ನಾವು ಹಳ್ಳಿಗಳ ನಡುವೆ ಮಾಡೋಣ. ಈ ಶಾಲೆಗೆ ಮಕ್ಕಳು ಬರುವ ಪ್ರತಿ ಹಳ್ಳಿಯಿಂದ 14 ವರ್ಷದೊಳಗಿನವರ ಒಂದು ಖೋ ಖೋ ತಂಡ, ಒಂದು ಕಬಡ್ಡಿ ತಂಡ. ವರ್ಷಕ್ಕೊಮ್ಮೆ, ದಿನಾಂಕ ಬದಲಾಗದ ಹಾಗೆ. ಪ್ರತಿ ವರ್ಷ ಒಂದು ಹಳ್ಳಿ ಆತಿಥ್ಯ ವಹಿಸಲಿ, ಊಟ ಆ ಊರಿನದು. ಹಿರಿಯರಿಗೂ ಒಂದು ಪಂದ್ಯ ಇರಲಿ, ಮಕ್ಕಳು ನೋಡಿ ನಗಲಿ. 60ರಿಂದ 360ಕ್ಕೆ ಹೋಗಲು ಅವರಿಗೆ 27 ವರ್ಷ ಹಿಡಿಯಿತು. ನಾವು ಆರರಿಂದ ಶುರು ಮಾಡೋಣ.

ನಾಲ್ಕು, ಒಂದು ಪುಸ್ತಕ. ಬರೆಯುವ ಪುಸ್ತಕ. ಕ್ರೀಡಾ ವಸತಿ ಶಾಲೆಯ ಆಯ್ಕೆ ಯಾವಾಗ, ಎಲ್ಲಿ, ಯಾವ ದಾಖಲೆ ಬೇಕು, ನಮ್ಮ ಯಾವ ಮಗು ಯಾವ ವರ್ಷ ಎಷ್ಟು ಸೆಕೆಂಡಿನಲ್ಲಿ ಓಡಿತು, ಎಷ್ಟು ದೂರ ನೆಗೆಯಿತು, ಎಲ್ಲ ಅದರಲ್ಲಿ ಬರೆದಿಡಬೇಕು. ನನ್ನ ಗೆಳೆಯ ಅಂದು ಎಷ್ಟು ನಿಮಿಷದಲ್ಲಿ ಓಡಿದ ಎಂದು ಈಗ ಯಾರಲ್ಲೂ ಲೆಕ್ಕವಿಲ್ಲ. ಲೆಕ್ಕ ಇಡುವುದು ನನ್ನ ಕಸುಬು. ಮೊಬೈಲಿನಲ್ಲಿ ನಡೆಯುವ ಒಂದು ಸರಳ ವ್ಯವಸ್ಥೆಯನ್ನು ಕನ್ನಡದಲ್ಲೇ ಮಾಡಿ, ಹಣ ತೆಗೆದುಕೊಳ್ಳದೆ, ಶಾಲೆಗೆ ಒಪ್ಪಿಸುವ ಜವಾಬ್ದಾರಿ ನನ್ನದು. ಪ್ರಯಾಣ ನಿಧಿಗೆ ನಮ್ಮ 2005ರ ಬ್ಯಾಚಿನವರು ಪ್ರತಿ ವರ್ಷ ಕೊಡುತ್ತೇವೆ ಎಂದು ನಿನ್ನೆ ರಾತ್ರಿ ಕೂತು ತೀರ್ಮಾನಿಸಿದ್ದೇವೆ. ಗೂಡ್ಸ್ ಆಟೊ ಓಡಿಸುವ ಆ ಗೆಳೆಯನೇ ಮೊದಲು ಹೆಸರು ಬರೆಸಿದ. ಮಕ್ಕಳನ್ನು ಚಿಕ್ಕಬಳ್ಳಾಪುರಕ್ಕೆ ಕರೆದೊಯ್ಯುವ ಜವಾಬ್ದಾರಿ ತನ್ನದು, ಅದಕ್ಕೆ ವ್ಯಾನ್ ಗೊತ್ತು ಮಾಡುತ್ತೇನೆ ಎಂದೂ ಹೇಳಿದ.

ಕೊನೆಯಲ್ಲಿ ಮಕ್ಕಳಿಗೆ ಎರಡು ಮಾತು. ನಿಮ್ಮಲ್ಲಿ ಹೆಚ್ಚಿನವರು ಸುನಿಲ್ ಆಗುವುದಿಲ್ಲ, ಚೈತ್ರಾ ಆಗುವುದಿಲ್ಲ. ಅದು ಲೆಕ್ಕದ ಮಾತು, ಬೇಸರ ಮಾಡಿಕೊಳ್ಳಬೇಡಿ. ಓದು ಬಿಟ್ಟು ಆಡಿ ಎಂದೂ ನಾನು ಹೇಳುವುದಿಲ್ಲ, ಕ್ರೀಡಾ ವಸತಿ ಶಾಲೆಯಲ್ಲೂ ಪರೀಕ್ಷೆ ಬರೆಯಲೇಬೇಕು. ಆದರೆ ಹೋಬಳಿ ಮಟ್ಟದಲ್ಲಿ ಸೋತು, ಗೆದ್ದವರ ಕೈ ಕುಲುಕಿ, ಮರುವರ್ಷ ಮತ್ತೆ ಹೋದ ಮಗು ಮುಂದೆ ಯಾವ ಇಂಟರ್‌ವ್ಯೂಗೂ ಹೆದರುವುದಿಲ್ಲ. ನನ್ನ ಕಂಪನಿಯಲ್ಲಿ ಹೊಸಬರನ್ನು ತೆಗೆದುಕೊಳ್ಳುವಾಗ ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ. ಹಿರಿಯರಿಗೆ ಒಂದೇ ಮಾತು. ನೂರು ವರ್ಷದ ಸಮಾರಂಭಕ್ಕೆ ನಮ್ಮಲ್ಲಿ ಬಹುಪಾಲು ಜನ ಇರುವುದಿಲ್ಲ. ಆ ದಿನದ ಸಂಚಿಕೆಯ ಪಟ್ಟಿಯಲ್ಲಿ ರಾಜ್ಯದ ಅಂಗಿ ತೊಟ್ಟ ಒಂದು ಹೆಸರಾದರೂ ಇರಲಿ.